ಕಚ್ಚುವ ಕಿಟಕಿಗಳು

ಜಗ್ಗಣ್ಣ,

ಹೌದು, ಸುಳ್ಳು ಹೇಳಿದೆ. ಸಾಕಾ? ಮೂರು ತಿಂಗಳಿನಿಂದ ನಾನು ಏಣಿ ಹೆಗಲಿಗೆ ಹಾಕಿದಾಗಲೆಲ್ಲ ನೀವು ಹಿಂದಿನಿಂದ ಅದನ್ನೇ ಹೇಳುತ್ತಿದ್ದೀರಿ. ನನಗೆ ಕೇಳುವುದಿಲ್ಲ ಅಂತ ತಿಳಿಯಬೇಡಿ. "ಸಂತು, ನನ್ನ ಸಾವನ್ನೂ ಸುಳ್ಳು ಮಾಡಿದೆಯಲ್ಲ ನೀನು." ಮಾಡಿದೆ. ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತು ಎಂದು ಕೇಳಿದಾಗ, ಬೆಳಿಗ್ಗೆಯೇ ಎದೆ ನೋವು ಅಂದಿದ್ದರು, ಕಂಬದ ಬುಡದಲ್ಲಿ ಕುಸಿದು ಬಿದ್ದರು ಎಂದೆ. ಉಳಿದದ್ದನ್ನು ನಿಮ್ಮ ಜೇಬಿನಲ್ಲಿದ್ದ ಬಿ.ಪಿ. ಮಾತ್ರೆ ಹೇಳಿತು. ಕರೆಂಟ್ ಹೊಡೆದು ಸತ್ತವರನ್ನು ಹೃದಯ ನಿಂತು ಸತ್ತವರನ್ನಾಗಿ ಮಾಡಲು ಎರಡು ಮಾತು ಸಾಕಾಯಿತು. ಆ ಎರಡು ಮಾತನ್ನು ನಮ್ಮ ನೆಟ್ ಕಂಪನಿಯ ಓನರ್ ದಿವಾಕರಣ್ಣ ಫೋನಿನಲ್ಲಿ ಹೇಳಿಕೊಟ್ಟರು. ಆದರೆ ಬಾಯಿ ನನ್ನದೇ. ಅದನ್ನು ಇಲ್ಲ ಎನ್ನುವುದಿಲ್ಲ.

ಬೈಯುವ ಮೊದಲು ನನ್ನದೂ ಒಂದು ಕೇಳಿ. ಆ ದಿನ ನಂದಿಕೂರಿನಲ್ಲಿ ಟೆಸ್ಟರ್ ತರಲಾ ಎಂದು ಕೇಳಿದವ ಯಾರು? ಮಳೆ ಆಗಷ್ಟೇ ನಿಂತಿತ್ತು. ಕಬ್ಬಿಣದ ಕಂಬದಿಂದ ನೀರು ಇಳಿಯುತ್ತಿತ್ತು. ಒಂದು ಮನೆಯ ರೂಟರಿನಲ್ಲಿ ಕೆಂಪು ಲೈಟು, ನೆಟ್ ಇಲ್ಲ ಅಂತ ದೂರು. ನೀವು ಏಣಿಯ ಎರಡನೇ ಮೆಟ್ಟಿಲಲ್ಲಿ ನಿಂತಿದ್ದಿರಿ. ಟೆಸ್ಟರ್ ಸ್ಕೂಟರಿನ ಡಬ್ಬಿಯಲ್ಲಿತ್ತು, ಹತ್ತು ಹೆಜ್ಜೆ ದೂರ. "ಎಂತಕ್ಕೆ ಮಾರಾಯ ಟೆಸ್ಟರ್? ನಮ್ಮ ವಯರಿನಲ್ಲಿ ಕರೆಂಟ್ ಎಲ್ಲಿ ಉಂಟು? ಬರೀ ಬೆಳಕು" ಎಂದು ನಕ್ಕಿರಿ. ಎಷ್ಟು ಮನೆಗಳಲ್ಲಿ ಆ ಮಾತು ಹೇಳಿದ್ದೀರಿ ನೀವು! ಗಾಜಿನ ಎಳೆಯೊಳಗೆ ಬೆಳಕು ಓಡುತ್ತದೆ, ಕರೆಂಟಿನವರ ಹಾಗೆ ನಾವು ಹೆದರಬೇಕಾಗಿಲ್ಲ ಅಂತ. ಎಡಗೈ ಕಂಬದ ಮೇಲೆ ಇತ್ತು. ನಮ್ಮ ಕೇಬಲಿಗೆ ಬಲಗೈ ಚಾಚಿದಿರಿ. ಆಮೇಲೆ ನಿಮ್ಮ ಬಾಯಿಂದ ಬಂದ ಆ ಶಬ್ದ...

ಅದನ್ನು ಬರೆಯುವುದಿಲ್ಲ.

ಕಾಪುವಿನ ಬಸ್ ಸ್ಟ್ಯಾಂಡಿನಲ್ಲಿ ನೀವು ನನ್ನನ್ನು ಹಿಡಿದ ದಿನ ನೆನಪುಂಟಾ? ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಮೂರು ವರ್ಷ ಆಗಿತ್ತು. ಸಿಕ್ಕಿದವರ ಜೊತೆ ಜಗಳ ಮಾಡುವುದು ಬಿಟ್ಟರೆ ನನಗೆ ಬೇರೆ ಕೆಲಸ ಇರಲಿಲ್ಲ. "ಇಷ್ಟು ಸಿಟ್ಟು ಇರುವವನು ಕಂಬ ಏರಬೇಕು, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ" ಎಂದಿರಿ. ಮರುದಿನವೇ ಮಣಿಪಾಲಕ್ಕೆ ಕರೆದುಕೊಂಡು ಹೋದಿರಿ. ಓದುವ ಹುಡುಗರ ಫ್ಲ್ಯಾಟು, ನಾಲ್ಕು ಜನ, ರೂಟರ್ ಸತ್ತಿದೆ ಎಂದು ಬೊಬ್ಬೆ ಹಾಕುತ್ತಿದ್ದರು. ನೀವು ಒಳಗೆ ಹೋದವರು ಬಗ್ಗಿ ನೋಡಿ, ಮೇಜಿನ ಹಿಂದೆ ಕಳಚಿದ್ದ ಪ್ಲಗ್ ಸಿಕ್ಕಿಸಿ ಹೊರಗೆ ಬಂದಿರಿ. ಮೆಟ್ಟಿಲಿಳಿಯುವಾಗ ನನ್ನ ಕಿವಿಯಲ್ಲಿ, "ಇಂಜಿನಿಯರಿಂಗ್ ಓದುವವರು ನಾಲ್ಕು ಜನ ಮಾರಾಯ. ಒಬ್ಬನೂ ಪ್ಲಗ್ ನೋಡಲಿಲ್ಲ. ನೀನು ಶಾಲೆ ಬಿಟ್ಟದ್ದಕ್ಕೆ ಇನ್ನು ಅಳಬೇಡ" ಎಂದಿರಿ. ನಾನು ಅಳುತ್ತಿರಲಿಲ್ಲ. ಆದರೂ ಆ ದಿನದಿಂದ ಶಾಲೆಯ ಮುಂದೆ ಹೋಗುವಾಗ ತಲೆ ತಗ್ಗಿಸುವುದು ಬಿಟ್ಟೆ.

ಲೈಟು ಓದಲು ಕಲಿಸಿದ್ದೂ ನೀವೇ. ಪವರ್ ಹಸಿರು ಅಂದರೆ ಮನೆಯಲ್ಲಿ ಕರೆಂಟ್ ಉಂಟು. ವೈಫೈ ಹಸಿರು ಅಂದರೆ ಡಬ್ಬಿಗೂ ಫೋನಿಗೂ ದೋಸ್ತಿ ಉಂಟು, ಅಷ್ಟಕ್ಕೇ ನೆಟ್ ಉಂಟು ಅಂತ ಅಲ್ಲ. ಕೆಂಪು ಮಿಣುಕಿದರೆ ಹೊರಗಿನಿಂದ ಬೆಳಕು ಬರುತ್ತಿಲ್ಲ, ಮನೆಯೊಳಗೆ ಕೂತು ಪ್ರಯೋಜನ ಇಲ್ಲ, ಏಣಿ ತೆಗಿ. ಫೋನ್ ಬಂದರೆ ಮಾತ್ರ ನಿಮ್ಮದು ಒಂದೇ ಮಂತ್ರ. "ಆಫ್ ಮಾಡಿ, ಮೂವತ್ತರವರೆಗೆ ಎಣಿಸಿ, ಆನ್ ಮಾಡಿ." ಅವರು ಎಣಿಸುವಷ್ಟರಲ್ಲಿ ನೀವು ಚಹಾ ಮುಗಿಸುತ್ತಿದ್ದಿರಿ.

ಕಿಟಕಿಗೆ ಸುತ್ತಲು ಕಲಿಸಿದ್ದು ಯಾರು ಜಗ್ಗಣ್ಣ? ಈಗ ಉತ್ತರ ಕೊಡಿ. ಕಾಪು ಲೈಟ್‌ಹೌಸಿನ ಕಡೆ ಒಂದು ಹೊಸ ಮನೆ, ಗಂಡ ದುಬೈಯಲ್ಲಿ, ಗೋಡೆಗೆ ಬಿಳಿ ಬಣ್ಣ ಬಳಿದು ತಿಂಗಳಾಗಿರಲಿಲ್ಲ. ನಾನು ಡ್ರಿಲ್ ತೆಗೆದಾಗ ಆ ಯಜಮಾನ್ತಿ ಎರಡು ಕೈ ಅಗಲ ಮಾಡಿ ಗೋಡೆಗೆ ಅಡ್ಡ ನಿಂತರು. ನಮ್ಮ ಕರಿ ಕೇಬಲಿನ ಜೊತೆ ಒಂದು ಉಕ್ಕಿನ ತಂತಿ ಇರುತ್ತದೆ, ಭಾರ ಹೊರಲು. ಅದನ್ನು ಮನೆಯ ಹೊರಗೇ ಕತ್ತರಿಸಿ, ಗೋಡೆಗೆ ಪ್ಲಾಸ್ಟಿಕ್ ಕೊಕ್ಕೆ ಹಾಕಿ ಕಟ್ಟಬೇಕು. ಅಷ್ಟು ನನಗೂ ಗೊತ್ತಿತ್ತು. ನೀವು ಡ್ರಿಲ್ ಕಸಿದುಕೊಂಡು, "ಪೇಂಟಿಗೆ ತೂತು ಹಾಕಿದರೆ ನಾಳೆಯಿಂದ ಈ ಓಣಿಯಲ್ಲಿ ನಮಗೆ ಕೆಲಸ ಇಲ್ಲ. ಕಿಟಕಿಯ ಸರಳಿಗೆ ಸುತ್ತು. ಮೂರು ಸುತ್ತು, ಒಂದು ಗಂಟು" ಎಂದಿರಿ. ಆ ಹೆಂಗಸು ನಮಗೆ ಶರಬತ್ತು ಕೊಟ್ಟರು. ಅಂದಿನಿಂದ ಅದೇ ಪದ್ಧತಿ. ಕಾಪುವಿನಿಂದ ಹೆಜಮಾಡಿಯವರೆಗೆ ಎಷ್ಟು ಕಿಟಕಿಗಳಿಗೆ ನನ್ನ ಈ ಕೈ ಮೂರು ಸುತ್ತು, ಒಂದು ಗಂಟು ಹಾಕಿದೆ! ತಂತಿಯ ಒಂದು ತುದಿ ಕರೆಂಟಿನ ಕಂಬದಲ್ಲಿ. ಇನ್ನೊಂದು ತುದಿ ಜನ ಕೈಯಿಟ್ಟು ನಿಲ್ಲುವ ಕಿಟಕಿಯಲ್ಲಿ. ನಮಗೆ ಇಬ್ಬರಿಗೂ ಅದು ಒಂದು ದಿನವೂ ಹೊಳೆಯಲಿಲ್ಲ ಅಲ್ವಾ?

ಕಳೆದ ಮಂಗಳವಾರ ಶಂಕರಪುರದಲ್ಲಿ ಹೊಳೆಯಿತು. ಲಿಲ್ಲಿ ಬಾಯಿ ನೆನಪಿರಬೇಕು ನಿಮಗೆ, ಮಲ್ಲಿಗೆ ಕಟ್ಟುವವರು, ನನ್ನನ್ನು ಕೊಂಕಣಿಯಲ್ಲಿ ಪುತಾ, ಮಗ, ಎಂದೇ ಕರೆಯುವವರು, ನಿಮಗೆ ಪ್ರತಿ ಸಲ ಒಂದು ತುಂಡು ಹೂ ಕೊಟ್ಟು "ಹೆಂಡತಿಗೆ ಕೊಡಿ, ನೀವು ಮುಡಿಯಬೇಡಿ" ಎನ್ನುತ್ತಿದ್ದರಲ್ಲ, ನೀವು ಅದನ್ನು ಸುಜಾತಕ್ಕನಿಗೆ ಒಯ್ಯುತ್ತಿದ್ದಿರಲ್ಲ, ಅವರೇ. ನಾನು ಹೋದಾಗ ಮೊಗ್ಗಿನ ರಾಶಿಯ ಮುಂದೆ ಕೂತಿದ್ದರು. ಬೆರಳು ಬಾಳೆನಾರಿನಲ್ಲಿ ಓಡುತ್ತಿತ್ತು, ಬಾಯಿ ನನ್ನ ಮೇಲೆ.

"ಎರಡು ದಿನ ಆಯಿತು ಪುತಾ. ಫೋನಿನಲ್ಲಿ ವೈಫೈ ಉಂಟು ಅಂತ ತೋರಿಸುತ್ತದೆ. ಕೆಳಗೆ ಇಂಟರ್ನೆಟ್ ಇಲ್ಲ ಅಂತ ಬರೆಯುತ್ತದೆ. ಉಂಟಾ, ಇಲ್ವಾ? ಒಂದು ಹೇಳಲಿ ಅಲ್ವಾ ಅದು?"

"ಆಫ್ ಮಾಡಿ ಆನ್ ಮಾಡಿದ್ರಾ ಬಾಯಿ?"

"ಎಲ್ಲ ಮಾಡಿದೆ. ನಮ್ಮವರು ಮಸ್ಕತ್ತಿನಿಂದ ಫೋನ್ ಮಾಡಿ, ಹಿಂದೆ ಸಣ್ಣ ತೂತು ಉಂಟು, ಸೂಜಿ ಹಾಕಿ ಒತ್ತು ಅಂದರು. ಒತ್ತಿದೆ. ಇನ್ನು ಅದರ ಮೇಲೆ ಶಿಲುಬೆಯ ಗುರುತು ಮಾಡುವುದೊಂದು ಬಾಕಿ."

ಸೂಜಿ ಎಂದ ಕೂಡಲೇ ನನಗೆ ತಲೆ ಕೆಟ್ಟಿತು. ಸೂಜಿ ಒತ್ತಿದರೆ ಒಳಗಿನ ಸೆಟ್ಟಿಂಗ್ ಎಲ್ಲ ಅಳಿಸಿ ಹೋಗುತ್ತದೆ. ಅದೇ ತೊಂದರೆ ಎಂದು ಕೂತೆ. ಹೆಸರು ಹಾಕಿದೆ, ಪಾಸ್‌ವರ್ಡ್ ಹಾಕಿದೆ, ಉಳಿಸಿದೆ, ಆಫ್ ಮಾಡಿ ಆನ್ ಮಾಡಿದೆ. ಎದುರಿಗೆ ಕೆಂಪು ಲೈಟು ಮಿಣುಕುತ್ತಲೇ ಇತ್ತು. ನೀವು ಹೇಳಿದ್ದಿರಿ, ಮೊದಲು ಲೈಟ್ ನೋಡು ಅಂತ. ನಾನು ನೋಡಲಿಲ್ಲ, ಮುಕ್ಕಾಲು ಗಂಟೆ ಅದರ ಎದುರೇ ಕೂತು ನೋಡಲಿಲ್ಲ. ಆಮೇಲೆ ಹಳದಿ ತುಂಡು ಕೇಬಲ್ ಬದಲಿಸಿದೆ, ತುದಿ ಒರೆಸಿದೆ. ಬೆಳಕು ಅಳೆಯುವ ಮೀಟರ್ ಸಿಕ್ಕಿಸಿದರೆ, ಸೊನ್ನೆ. ಹೊರಗೆ ಎಲ್ಲಿಯೋ ತುಂಡಾಗಿದೆ. ಕೇಬಲ್ ಎಳೆದು ನೋಡಲು ಕಿಟಕಿಯ ಹತ್ತಿರ ಹೋದೆ.

"ಅಯ್ಯೋ, ಆ ಕಿಟಕಿ ಮುಟ್ಟಬೇಡ ಪುತಾ!"

"ಯಾಕೆ?"

"ಅದು ಕಚ್ಚುತ್ತದೆ." ಹೇಳಿ ಅವರು ನಕ್ಕರು.

"ಯಾವಾಗಿನಿಂದ ಬಾಯಿ?"

"ನೆಟ್ ಹೋದ ದಿನದಿಂದ. ಮೊಗ್ಗು ಸುತ್ತುವ ಒದ್ದೆ ಬಟ್ಟೆ ಹಾಕಲಿಕ್ಕೆ ಹೋದೆ, ಜುಂ ಅಂತು. ಚಪ್ಪಲಿ ಹಾಕಿಕೊಂಡರೆ ಏನಿಲ್ಲ. ಬರಿಗಾಲಿನಲ್ಲಿ ನಿಂತರೆ ಮಾತ್ರ. ಈ ವಯಸ್ಸಿಗೆ ನರ ಎಳೆಯುತ್ತದೆ ಅಂತ ಎಣಿಸಿದೆ."

ನನ್ನ ಕೈ ಕಿಟಕಿಯಿಂದ ಒಂದು ಗೇಣು ದೂರದಲ್ಲಿತ್ತು ಜಗ್ಗಣ್ಣ. ಟೆಸ್ಟರ್ ತೆಗೆದು ಸರಳಿಗೆ ತಾಗಿಸಿ ಅದರ ಸಣ್ಣ ದೀಪ ನೋಡಿದೆ. ಹೊತ್ತಿತು. ಲಿಲ್ಲಿ ಬಾಯಿಯ ನಗು ನಿಂತಿತು. ಅವರ ಬೆರಳು ಕೂಡ ನಿಂತಿತು. ನಾನು ಅವರನ್ನು ಎಬ್ಬಿಸಿ, ಹೂವನ್ನೂ ಎತ್ತಿಸಿ, ಹಿಂದಿನ ಬಾಗಿಲಿನಿಂದ ಅಂಗಳಕ್ಕೆ ಕಳಿಸಿದೆ. ಆಮೇಲೆ ಕೇಬಲಿನ ಕೆಳಗೆ ತಲೆ ಎತ್ತಿ ನೋಡುತ್ತಾ ನಡೆದೆ. ಒಂದನೇ ಕಂಬ ಸರಿ. ಎರಡನೆಯದು ಸರಿ. ಮೂರನೇ ಕಂಬದಲ್ಲಿ ನಮ್ಮ ಉಕ್ಕಿನ ತಂತಿ ಕರೆಂಟಿನ ವಯರಿಗೆ ತಾಗಿಕೊಂಡಿತ್ತು. ಇಡೀ ಮಳೆಗಾಲದ ಗಾಳಿಗೆ ಉಜ್ಜಿ ಉಜ್ಜಿ ಕರೆಂಟಿನ ವಯರಿನ ಪ್ಲಾಸ್ಟಿಕ್ ಹೋಗಿ ಒಳಗಿನದು ಹೊಳೆಯುತ್ತಿತ್ತು. ಅಲ್ಲಿಯೇ ನಮ್ಮ ಕೇಬಲ್ ಕರಗಿ ಕಪ್ಪಗೆ ಮುದ್ದೆಯಾಗಿತ್ತು. ಅದಕ್ಕೇ ನೆಟ್ ಇಲ್ಲ. ಅದಕ್ಕೇ ಕೆಂಪು ಲೈಟು.

ನಂದಿಕೂರಿನಲ್ಲೂ ಅದೇ ಮುದ್ದೆ ನೋಡಿದ್ದೆ, ನಿಮ್ಮ ತಲೆಯಿಂದ ಒಂದು ಮೊಳ ಮೇಲೆ. ಆ ದಿನ ಅದು ಏನೆಂದು ಅರ್ಥವಾಗಲಿಲ್ಲ. ಈಗ ಆಯಿತು. ಹೀಗೆ ಸುತ್ತಿದ ಮನೆಯಲ್ಲಿ ಕೆಂಪು ಲೈಟು ಅಂದರೆ ಬೆಳಕು ಹೋಗಿದೆ ಎಂದಷ್ಟೇ ಅಲ್ಲ. ಬೆಳಕು ಹೋದ ದಾರಿಯಲ್ಲಿ ಇನ್ನೊಂದು ಬಂದು ಮನೆಯ ಕಿಟಕಿಯಲ್ಲಿ ಕೂತಿದೆ ಅಂತ. ನಾವು ಎಷ್ಟು ಜನರಿಗೆ ಫೋನಿನಲ್ಲಿ ಹೇಳಿದ್ದೇವೆ, "ಏನಿಲ್ಲ, ಆಫ್ ಮಾಡಿ ಆನ್ ಮಾಡಿ, ಕಿಟಕಿಯ ಹತ್ತಿರ ಕೇಬಲ್ ಸ್ವಲ್ಪ ಅಲ್ಲಾಡಿಸಿ ನೋಡಿ" ಅಂತ?

ಕರೆಂಟಿನವರನ್ನು ಕರೆಸಿ ಲೈನ್ ಆಫ್ ಮಾಡಿಸಿ, ಲಿಲ್ಲಿ ಬಾಯಿಯ ಮನೆಯ ತಂತಿ ತುಂಡು ಮಾಡಿದೆ. ದಿವಾಕರಣ್ಣನಿಗೆ ಫೋನ್ ಮಾಡಿದೆ. ಹೇಳಿದ್ದನ್ನೆಲ್ಲ ಕೇಳಿ ಅವರು ತಣ್ಣಗೆ, "ಒಂದು ಮನೆ ಸಂತು. ಒಂದೇ ಮನೆ. ಸರಿ ಮಾಡಿ ಆಯಿತಲ್ಲ, ಬಾ" ಎಂದರು.

"ಒಂದು ಅಲ್ಲ ದಿವಾಕರಣ್ಣ. ಹೆಜಮಾಡಿಯವರೆಗೆ ಎಲ್ಲ ಕಿಟಕಿಗೂ ಹಾಗೇ ಸುತ್ತಿದ್ದೇವೆ."

"ಊರಿಡೀ ಡಂಗುರ ಹೊಡೆದರೆ ನಾಳೆ ಒಂದು ಕಂಬದಲ್ಲೂ ನಮ್ಮ ವಯರ್ ಬಿಡುವುದಿಲ್ಲ ಕರೆಂಟಿನವರು. ನಮಗೆ ಪರ್ಮಿಶನ್ ಎಲ್ಲಿ ಉಂಟು? ನಿಧಾನಕ್ಕೆ ಮಾಡುವ."

"ಜಗ್ಗಣ್ಣ ಸತ್ತದ್ದೂ ಇದರಿಂದಲೇ."

"ಜಗ್ಗ ಹಾರ್ಟ್ ಅಟ್ಯಾಕಿನಲ್ಲಿ ಹೋದ. ನೀನೇ ಹೇಳಿದ್ದಲ್ವಾ ಡಾಕ್ಟರಿಗೆ?"

ಫೋನ್ ಕಲ್ಲಿಗೆ ಎಸೆದೆ. ಗಾಜು ಒಡೆದಿದೆ, ಆದರೂ ನಡೆಯುತ್ತದೆ.

ನಿಮ್ಮ ಬೊಜ್ಜದ ದಿನ, ಹದಿಮೂರನೇ ದಿನದ ಊಟಕ್ಕೆ ಎಲ್ಲರೂ ಕೂತಾಗ, ಸುಜಾತಕ್ಕ ನನ್ನನ್ನು ಒಳಗೆ ಕರೆದು ಕೇಳಿದ್ದು ನಿಮಗೆ ಗೊತ್ತಿಲ್ಲ. "ನೋವು ಅಂತ ನಿನಗೆ ಹೇಳಿದರಲ್ಲ ಸಂತು, ನನಗೆ ಯಾಕೆ ಹೇಳಲಿಲ್ಲ ಅವರು? ಎಷ್ಟು ಹೊತ್ತಿಗೆ ಶುರುವಾಯಿತು?" ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಎಡಗೈ ಉಜ್ಜಿಕೊಳ್ಳುತ್ತಿದ್ದರು ಎಂದೆ. ಸುಳ್ಳಿಗೆ ಇಡ್ಲಿ ಸೇರಿಸಿದೆ. ಮುಂದೆ ಅವರು ಸಿಕ್ಕಿದಾಗಲೆಲ್ಲ ಅದನ್ನೇ ಕೇಳುತ್ತಿದ್ದರು, ಪ್ರತಿ ಸಲ ನಾನು ಇನ್ನೊಂದು ಚೂರು ಸೇರಿಸುತ್ತಿದ್ದೆ. ಬೆವರು ಸೇರಿಸಿದೆ. ನೀರು ಕುಡಿದದ್ದು ಸೇರಿಸಿದೆ.

ಬುಧವಾರ ಬೆಳಿಗ್ಗೆ ಬಸ್ಸು ಹತ್ತಿ ಕಾರ್ಕಳಕ್ಕೆ ಹೋದೆ. ಸುಜಾತಕ್ಕ ಈಗ ಅಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಜಗಲಿಯಲ್ಲಿ ಕೂರಿಸಿ ನೀರು ಬೆಲ್ಲ ತಂದಿಟ್ಟರು. ನಾನು ಮುಟ್ಟಲಿಲ್ಲ. ಟೆಸ್ಟರಿನಿಂದ ಶುರು ಮಾಡಿ ಆಸ್ಪತ್ರೆಯವರೆಗೆ ಒಂದೇ ಉಸಿರಿಗೆ ಹೇಳಿದೆ.

"ಎದೆ ನೋವು ಇರಲಿಲ್ಲವಾ?" ಎಂದು ಕೇಳಿದರು.

"ಇರಲಿಲ್ಲ ಅಕ್ಕ."

"ಇಡ್ಲಿ ತಿನ್ನುವಾಗ ಕೈ ಉಜ್ಜಲಿಲ್ಲವಾ?"

"ಇಲ್ಲ. ನಾಲ್ಕು ತಿಂದು ಇನ್ನೊಂದು ಪ್ಲೇಟ್ ಕೇಳಿದರು. ಸಾಂಬಾರಿಗೆ ಬೈದರು."

ಹೊಡೆದರು. ಕೆನ್ನೆಗೆ, ಒಂದಲ್ಲ, ಎರಡು. "ಮೂರು ತಿಂಗಳು ಬೈದಿದ್ದೇನೆ ಆ ಮನುಷ್ಯನನ್ನು. ದಿನಾ ಬೈದಿದ್ದೇನೆ ಸಂತು, ದೀಪ ಇಡುವಾಗ ಬೈದಿದ್ದೇನೆ. ನನಗೆ ಮುಚ್ಚಿಟ್ಟು ಹೋದರಲ್ಲ ಅಂತ." ಅತ್ತರು. ಅಳು ಮುಗಿದ ಮೇಲೆ ಲಿಲ್ಲಿ ಬಾಯಿಯ ಕಿಟಕಿಯ ಬಗ್ಗೆ ಹೇಳಿದೆ. ಅಂಥ ಮನೆ ಎಷ್ಟು ಉಂಟು ಎಂದು ಕೇಳಿದರು. ಮೂವತ್ತೊಂದು, ನನಗೆ ನೆನಪಿರುವಷ್ಟು, ಎಂದೆ. ಒಳಗೆ ಹೋಗಿ ಸೀರೆ ಬದಲಿಸಿ ಬಂದು, "ಕೂತದ್ದು ಸಾಕು, ನಡಿ" ಎಂದರು.

ಕರೆಂಟಿನ ಆಫೀಸಿಗೆ ಹೋದೆವು. ಅಲ್ಲಿನ ಇಂಜಿನಿಯರ್ ಬಾಯಿಮಾತು ಆಗುವುದಿಲ್ಲ, ಬರೆದು ಕೊಡಿ ಎಂದರು. ಶಾಲೆ ಬಿಟ್ಟ ಮೇಲೆ ನಾನು ಪೆನ್ನು ಹಿಡಿದದ್ದು ಸಹಿ ಹಾಕಲು ಮಾತ್ರ, ನಿಮಗೆ ಗೊತ್ತು. ಸುಜಾತಕ್ಕ ಪಕ್ಕದಲ್ಲಿ ಕೂತರು. ಒಂದೂವರೆ ಪುಟ ಬರೆದೆ. ನೀವು ಹೇಗೆ ಸತ್ತಿರಿ ಅಂತ. ನಾನು ಏನು ಸುಳ್ಳು ಹೇಳಿದೆ ಅಂತ. ಹೇಳಿಸಿದವರು ಯಾರು ಅಂತ. ಕಿಟಕಿಗೆ ಸುತ್ತಲು ಕಲಿಸಿದವರು ನೀವು ಅಂತಲೂ ಬರೆದೆ ಜಗ್ಗಣ್ಣ, ಅದನ್ನು ಬಿಡಲಿಲ್ಲ. ಸುಜಾತಕ್ಕ ಓದಿ, ಆ ಸಾಲಿನಲ್ಲಿ ಒಮ್ಮೆ ನಿಂತು, "ಇರಲಿ, ಸತ್ಯವೇ ಅಲ್ವಾ" ಎಂದರು. ಇನ್ನು ಪೊಲೀಸರು ಕರೆಯುತ್ತಾರಂತೆ, ನನ್ನನ್ನೂ. ಕರೆಯಲಿ. ನೀವು ಕೇಳದೆ ಹೋದ ಸುದ್ದಿ ಇದು. ಈಗ ಕಾಗದದಲ್ಲಿ ನೀವು ಎದೆ ನೋವಿನಿಂದ ಸತ್ತವರಲ್ಲ.

ನಿನ್ನೆ ಬೆಳಿಗ್ಗೆಯಿಂದ ಮನೆಮನೆಗೆ ಹೋಗಿ ಬಿಚ್ಚುತ್ತಿದ್ದೇನೆ. ಕೈಗೆ ರಬ್ಬರಿನ ಗ್ಲೌಸು, ಮೊದಲು ಟೆಸ್ಟರ್, ಆಮೇಲೆ ಕಟ್ಟರ್. ಹತ್ತೊಂಬತ್ತು ಮನೆ ಆಯಿತು. ಎರಡರಲ್ಲಿ ಟೆಸ್ಟರ್ ಹೊತ್ತಿತು. ಉಳಿದ ಮನೆಗಳಿಗೆ ಫೋನ್ ಮಾಡಿ ಕಿಟಕಿ ಮುಟ್ಟಬೇಡಿ ಎಂದರೆ ಜನ ತಮಾಷೆ ಮಾಡುತ್ತಾರೆ. ಪಡುಬಿದ್ರಿಯ ಒಬ್ಬ ಮೇಷ್ಟ್ರು, "ಎಂತ ಮಾರಾಯ, ನಿನ್ನ ನೆಟ್ ಮೊದಲೇ ಇಲ್ಲ, ಇನ್ನು ಗಾಳಿಯೂ ಬೇಡವಾ ನಮಗೆ?" ಎಂದರು. ಇನ್ನೊಬ್ಬಳು ನೆಟ್ ಕಟ್ ಮಾಡುವ ಹೊಸ ಉಪಾಯ ಎಂದು ಬೈದಳು. ಇಡೀ ಲೈನ್ ಸರಿ ಮಾಡಲು ಕರೆಂಟಿನವರಿಗೆ ನಾಳೆಯವರೆಗೆ ಬೇಕಂತೆ. ಲೈನ್‌ಮನ್ ನಂಬರು ಕೊಟ್ಟಿದ್ದಾರೆ, ಏನಾದರೂ ಕಂಡರೆ ಕೂಡಲೇ ಫೋನ್ ಮಾಡು ಎಂದಿದ್ದಾರೆ.

ಅದಕ್ಕೇ ಈಗ ಬೆಳಿಗ್ಗೆ ಆಫೀಸಿನಲ್ಲಿ ಕಂಪ್ಯೂಟರಿನ ಎದುರು ಕೂತಿದ್ದೇನೆ. ಯಾವ ಮನೆಯ ಡಬ್ಬಿ ಹಸಿರು, ಯಾವುದು ಕೆಂಪು ಎಂದು ಇದರಲ್ಲಿ ಬರುತ್ತದಲ್ಲ. ಉಳಿದ ಹನ್ನೆರಡು ಮನೆಯ ಮೇಲೆ ಕಣ್ಣಿಟ್ಟು, ಹೊರಗೆ ಮಳೆ ಕಡಿಮೆಯಾಗಲಿ ಎಂದು ಕಾಯುತ್ತಾ ನಿಮಗೆ ಬರೆಯುತ್ತಿದ್ದೇನೆ. ದಿವಾಕರಣ್ಣ ಆಗಲೇ ಬಂದರು. ಕಾಗದದ ವಿಷಯ ಅವರಿಗೆ ಗೊತ್ತಾಗಿದೆ. ಬಾಗಿಲ ಹತ್ತಿರ ನಿಂತು ಆಫೀಸಿನ ಸ್ಕೂಟರಿನ ಕೀ ಕೇಳುತ್ತಿದ್ದಾರೆ, "ಜಗ್ಗ ನಿನಗೆ ಅನ್ನ ಕೊಟ್ಟ, ನೀನು ಅವನ ಹೆಸರನ್ನೂ ಕೆಡಿಸಿದೆ" ಎನ್ನುತ್ತಿದ್ದಾರೆ. ನಾನು ತಲೆ ಎತ್ತಿಲ್ಲ. ಅವರು ಹೇಳುವುದು ನಿಮ್ಮ ಮಾತಾ ಜಗ್ಗಣ್ಣ? ನೀವು ಹಾಗೆ ಹೇಳುತ್ತಿದ್ದಿರಾ? ಇಲ್ಲ ಅಂತ ನನಗೆ...

ಒಂದು ಕೆಂಪಾಯಿತು. ಈಗ, ನನ್ನ ಕಣ್ಣೆದುರೇ. ಹೆಜಮಾಡಿ, ಪುಷ್ಪಕ್ಕನ ಮನೆ. ಹಗಲು ಅವರೊಬ್ಬರೇ ಇರುವುದು. ನಿನ್ನೆ ಫೋನ್ ಮಾಡಿದಾಗ ಆಯಿತು ಮಗ ಎಂದಿದ್ದರು, ಕೇಳಿಸಿಕೊಂಡರೋ ಇಲ್ಲವೋ. ಲೈನ್‌ಮನ್‌ಗೆ ಹೇಳಿದೆ, ಆಫ್ ಮಾಡಿಸುತ್ತೇನೆ, ಐದು ನಿಮಿಷ ಎಂದ. ಪುಷ್ಪಕ್ಕನಿಗೆ ಫೋನ್ ಹೋಗುತ್ತಿದೆ. ಎತ್ತುತ್ತಿಲ್ಲ. ಮತ್ತೆ ಮಾಡಿದೆ. ಎತ್ತುತ್ತಿಲ್ಲ.

ಕೀ ಕೊಡುವುದಿಲ್ಲ. ಈ ಹಾಳೆ ಇಲ್ಲೇ ಇರಲಿ, ಬೇಕಾದರೆ ಅವರೂ ಓದಲಿ. ನಾನು ಹೊರಟೆ ಜಗ್ಗಣ್ಣ. ಬಾಗಿಲು ಎಷ್ಟು ಜೋರಾಗಿ ಹಾಕುತ್ತೇನೆ ಅಂದರೆ, ನೀವು ಇರುವಲ್ಲಿಗೂ ಕೇಳಬೇಕು.